ಜೀವಕೋಶಗಳು ‘ವಲಸೆ’ ಹೋಗುತ್ತವೆಯೋ, ‘ಹರಿಯುತ್ತವೆ’ಯೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ವಿಜ್ಞಾನ ಲೇಖನ ಬರೆಯುತ್ತಿದ್ದೇನೆ. ಒಂದೇ ಒಂದು ಪದಕ್ಕೆ ಮೂರು ದಿನದಿಂದ ನಿಂತುಬಿಟ್ಟಿದ್ದೇನೆ. ನಮ್ಮ ಮೈಯೊಳಗೆ ಜೀವಕೋಶಗಳು ಒಂದನ್ನೊಂದು ಬಿಡದೆ, ಗುಂಪಾಗಿ ಜಾಗ ಬದಲಿಸುತ್ತವಲ್ಲ, ಅದಕ್ಕೆ ಏನನ್ನೋಣ? (ಈ ಬಳಗದಲ್ಲಿ ಕೋಶ ಅಂದರೆ ಮೊದಲು ಪದಕೋಶವೇ ನೆನಪಾಗುತ್ತದೆ, ಗೊತ್ತು!)

ಸುಲಭಕ್ಕೆ ಕೈಗೆ ಸಿಗುವುದು ‘ಸಾಮೂಹಿಕ ಕೋಶ ವಲಸೆ’. ತಪ್ಪೇನಿಲ್ಲ. ಆದರೆ ಓದಿದ ಕೂಡಲೇ ನನಗೆ ಬಸ್‌ಸ್ಟ್ಯಾಂಡು, ಗಂಟುಮೂಟೆ ಕಣ್ಣಮುಂದೆ ಬರುತ್ತದೆ. ವಲಸೆ ಹೋದವರು ಒಂದು ಊರು ಬಿಟ್ಟು ಇನ್ನೊಂದು ಊರು ಸೇರುತ್ತಾರೆ. ಮೊಣಕಾಲು ತರಚಿದಾಗ ಚರ್ಮದ ಕೋಶಗಳು ಮಾಡುವುದೇ ಬೇರೆ. ಗಾಯದ ಅಂಚಿನವು ಚಪ್ಪಟೆಯಾಗಿ, ಮುಂದಕ್ಕೆ ಕಾಲು ಚಾಚಿ, ಹಕ್ಕಳೆಯ ಅಡಿಯಲ್ಲಿ ತೆವಳುತ್ತವೆ. ಹಿಂದಿನ ಸಾಲಿನವು ಅವುಗಳ ಕೈ ಬಿಡುವುದಿಲ್ಲ. ಕಂಬಳಿ ಎಳೆದ ಹಾಗೆ ಇಡೀ ಪದರವೇ ಸರಿಯುತ್ತದೆ.

ಕೊಪ್ಪಳ ಕಡೆಯ ಗೆಳತಿಯೊಬ್ಬರಿಗೆ ‘ಗುಳೆ’ ಹೇಗೆ ಅಂತ ಕೇಳಿದೆ. ಗುಳೆ ಹೋಗುವಾಗ ಮನೆಮಂದಿಯೆಲ್ಲ ಒಟ್ಟಿಗೇ ಹೋಗುತ್ತಾರಲ್ಲ ಅನ್ನುವುದು ನನ್ನ ಲೆಕ್ಕ. ‘ಎಲ್ಲಾರೂ ಎಲ್ಲಿ ಹೋಗ್ತಾರ್ರೀ, ಮುದುಕರನ್ನ ಊರಾಗ ಬಿಟ್ಟ ಹೋಗ್ತಾರ. ಬ್ಯಾಡ’ ಅಂದರು. ಅಲ್ಲಿಗೆ ಆ ಪದ ಕೈಬಿಟ್ಟೆ. ‘ಹಿಂಡು’ ಪರವಾಗಿಲ್ಲ ಅನ್ನಿಸಿತ್ತು. ಆದರೆ ಹಿಂಡಿನ ಕುರಿಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಜೊತೆಗೆ ಬಟ್ಟೆ ಹಿಂಡುವ ಹಿಂಡು ಬೇರೆ.

ಇನ್ನೊಂದು ಪಯಣ ನೋಡಿ. ಬಾಳೆಹಣ್ಣು ಕಳಿತರೆ ಮುತ್ತುತ್ತದಲ್ಲ, ಆ ಸಣ್ಣ ಹಣ್ಣುನೊಣದ ಮೊಟ್ಟೆ ಬೆಳೆಯುವ ಚೀಲದೊಳಗೆ ನಡೆಯುವುದು ಇದು. ಚೀಲದ ಒಂದು ತುದಿಯಿಂದ ಆರೆಂಟು ಕೋಶಗಳು ಕಳಚಿಕೊಂಡು ಹೊರಡುತ್ತವೆ. ನಡುವೆ ಎರಡು ಕೋಶಗಳಿರುತ್ತವೆ. ಅವಕ್ಕೆ ತಾವಾಗಿ ನಡೆಯಲು ಬರುವುದಿಲ್ಲ. ಉಳಿದವು ಅವನ್ನು ಹೊತ್ತುಕೊಂಡೇ ಹೋಗುತ್ತವೆ. ದಾರಿ ಸುಮಾರು 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಏಳನೇ ಒಂದು ಪಾಲಿಗಿಂತ ಒಂಚೂರು ಹೆಚ್ಚು, ಅಷ್ಟೇ. ಹಿಡಿಯುವ ಹೊತ್ತು ಹೆಚ್ಚುಕಮ್ಮಿ 6 ಗಂಟೆ! ಮೊಟ್ಟೆಯ ಹತ್ತಿರ ತಲುಪಿದ ಮೇಲೆ, ಮುಂದೆ ವೀರ್ಯಾಣು ಒಳಬರಲು ಬೇಕಾದ ಕಿಂಡಿ ಮಾಡಲು ಕೈಜೋಡಿಸುತ್ತವೆ. ಓದುವಾಗ ನನಗೆ ನೆನಪಾದದ್ದು ಜಾತ್ರೆಯ ಪಲ್ಲಕ್ಕಿ. ದಾರಿಯಲ್ಲಿ ಇವು ಜಾಗವನ್ನೂ ಅದಲುಬದಲು ಮಾಡಿಕೊಳ್ಳುತ್ತವೆ. ಮುಂದಿದ್ದದ್ದು ಹಿಂದೆ, ಪಕ್ಕದ್ದು ಮುಂದೆ. ಹೆಗಲು ಬದಲಿಸಿದ ಹಾಗೆ.

ಹಾಗಾಗಿ ತುದಿಯಲ್ಲಿರುವುದನ್ನು ‘ನಾಯಕ ಕೋಶ’ ಅನ್ನಲು ನನಗೆ ಮನಸ್ಸಿಲ್ಲ. ನಾಯಕ ಅಷ್ಟು ಸುಲಭಕ್ಕೆ ಜಾಗ ಬಿಡುವವನಲ್ಲ, ಅಲ್ವಾ? ‘ಮುಂಚೂಣಿ ಕೋಶ’ ವಾಸಿ. ಮುಂಚೂಣಿ ಅನ್ನುವುದು ಜಾಗದ ಹೆಸರು. ಅಲ್ಲಿ ಯಾರು ಬೇಕಾದರೂ ನಿಲ್ಲಬಹುದು.

ಕ್ರಿಯಾಪದಕ್ಕೆ ಈಗ ‘ಹರಿ’ ಕಡೆ ವಾಲಿದ್ದೇನೆ. ಇರುವೆ ಹರಿಯುತ್ತದೆ, ಹಾವು ಹರಿಯುತ್ತದೆ, ನೀರೂ ಹರಿಯುತ್ತದೆ. ಕೋಶದ ಪದರವೂ ಹೀಗೇ. ಒಂದೊಂದನ್ನೇ ನೋಡಿದರೆ ತೆವಳುತ್ತಿರುತ್ತದೆ. ದೂರದಿಂದ ನೋಡಿದರೆ ಇಡೀ ಪದರ ಗಟ್ಟಿ ಜೇನಿನಂತೆ ಹರಿಯುತ್ತದೆ. ಒತ್ತೊತ್ತಾದರೆ ನಿಂತೂಬಿಡುತ್ತವೆ. ಭೌತವಿಜ್ಞಾನದವರು ಅದನ್ನು ‘ಜ್ಯಾಮಿಂಗ್’ ಅಂತಲೇ ಕರೆಯುತ್ತಾರೆ, ನಮ್ಮ ಟ್ರಾಫಿಕ್ ಜ್ಯಾಮಿನ ಜ್ಯಾಮೇ. ಕೂಡುಕುಟುಂಬದ ‘ಕೂಡು’ ಸೇರಿಸಿ ‘ಕೂಡುಹರಿವು’ ಅಂದರೆ ಹೇಗೆ?

ತೊಂದರೆ ಏನೆಂದರೆ, ಬಟ್ಟೆಯೂ ಹರಿಯುತ್ತದೆ. ‘ಗಾಯದ ಅಂಚಿನ ಕೋಶಗಳು ಹರಿದವು’ ಅಂತ ಬರೆದು ಮಗಳಿಗೆ ತೋರಿಸಿದೆ. ‘ಅಯ್ಯೋ, ಗಾಯ ಇನ್ನೂ ಜಾಸ್ತಿ ಆಯ್ತಾ?’ ಅಂದಳು. ‘ಹರಿದಾಡು’ ಅಂದರೆ ಆ ಗೊಂದಲ ಇಲ್ಲ. ಆದರೆ ಹರಿದಾಡುವುದಕ್ಕೆ ಗುರಿ ಇರುವುದಿಲ್ಲ, ಸುಮ್ನೆ ಅತ್ತಿತ್ತ ಸುತ್ತಿದ ಹಾಗೆ. ಈ ಕೋಶಗಳಿಗೆ ದಿಕ್ಕು ಗೊತ್ತಿರುತ್ತದೆ.

ಮಳೆಗೆ ಮೊದಲು ಇರುವೆಗಳು ಮೊಟ್ಟೆ ಕಚ್ಚಿಕೊಂಡು ಸಾಲಾಗಿ ಇನ್ನೊಂದು ಗೂಡಿಗೆ ಹೊರಡುತ್ತವಲ್ಲ, ಅದಕ್ಕೆ ನಿಮ್ಮ ಕಡೆ ಬೇರೆಯೇ ಮಾತು ಇದೆಯೇ? ಮಲೆನಾಡು, ಕರಾವಳಿಯವರು ದಯವಿಟ್ಟು ಹೇಳಿ. ಲೇಖನ ಭಾನುವಾರ ಕೊಡಬೇಕು. ಸದ್ಯಕ್ಕೆ ಕರಡಿನಲ್ಲಿ ‘ಒಟ್ಟಾಗಿ ಸರಿಯುವುದು’ ಅಂತ ಇಟ್ಟಿದ್ದೇನೆ.