ಪದಚರ್ಚೆ: ಕಿಟ್ಟೆಲ್ ಅವರನ್ನು 'ಹರಿಕಾರ' ಅನ್ನಬಹುದಾ? (ಸ್ವಲ್ಪ ಅರ್ಜೆಂಟು)

ನಮಸ್ಕಾರ. ನಮ್ಮ ಬಡಾವಣೆಯ ವಾಚನಾಲಯದಲ್ಲಿ ನಿಘಂಟುಗಳಿಗೇ ಅಂತ ಒಂದು ಕೊಠಡಿ ಮಾಡಿದ್ದೇವೆ. ಅದಕ್ಕೆ ಕಿಟ್ಟೆಲ್ ಹೆಸರು. ಬಾಗಿಲ ಪಕ್ಕ ಕರಿಕಲ್ಲಿನ ಫಲಕ ಕೂರಿಸಬೇಕು. ಸಮಿತಿಯವರು ಕೊಟ್ಟ ಸಾಲು:

"ಕನ್ನಡ ನಿಘಂಟು ರಚನೆಯ ಆದ್ಯ ಪ್ರವರ್ತಕ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ (1832–1903)"

ಕಲ್ಲು ಕೆತ್ತುವವರು 'ಪ್ರವರ್ತಕ' ನೋಡಿ ತಲೆ ಕೆರೆದುಕೊಂಡರು. ಒಂದಿಂಚಿನ ಅಕ್ಷರದಲ್ಲಿ ಅರ್ಕಾವತ್ತಿನ ಸುಳಿ ಚಕ್ಕೆ ಎದ್ದುಬಿಡುತ್ತಂತೆ. ಬದಲಿಗೆ 'ಹರಿಕಾರ' ಹಾಕಿದರೆ ಸರೀನಾ? ನಾಳೆ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು.

ಮೈಸೂರಿನಿಂದ

ಬೇಡ. ಹರಿಕಾರ ಅಂದರೆ ಟಪಾಲು ಹೊತ್ತು ಓಡುವವನು. ಪಾರಸಿಯ ಹರ್‌ಕಾರಾ. ಹರ್ ಅಂದರೆ ಪ್ರತಿಯೊಂದು, ಕಾರ್ ಅಂದರೆ ಕೆಲಸ. 70,000 ಪದಗಳ ಕೋಶ ಮಾಡಿದವರನ್ನು ಅಂಚೆಯಾಳು ಮಾಡಬೇಡಿ.

ಧಾರವಾಡದಿಂದ

ಪಾರಸಿಯೂ ಇಲ್ಲ, ಗೀರಸಿಯೂ ಇಲ್ಲ. ಹರಿ ಅಂದರೆ ಓಡು, ಹಳಗನ್ನಡದ 'ಪರಿ'. ಅದಕ್ಕೆ 'ಕಾರ' ಸೇರಿತು. ಓಲೆಕಾರ ಇಲ್ಲವೇ, ಹಾಗೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ, ಕೇಳುವವರಿಲ್ಲ.

ಮೈಸೂರಿನಿಂದ

ಕೇಳಿದ್ದೇವೆ, ಒಪ್ಪಿಲ್ಲ ಅಷ್ಟೇ. ಬಳೆಗಾರ, ಮಾಲೆಗಾರ ಆದಮೇಲೆ ಇದು ಹರಿಗಾರ ಯಾಕೆ ಆಗಲಿಲ್ಲ? ಮರಾಠಿ, ಹಿಂದಿ, ಬಂಗಾಳಿಯಲ್ಲೂ ಹರಕಾರಾ ಇದೆ. ಅವರೆಲ್ಲ ಧಾರವಾಡಕ್ಕೆ ಬಂದು ಒಯ್ದರೋ?

ಅಂದಹಾಗೆ, 'ಫರ್ಡಿನೆಂಡ್'ನಲ್ಲೂ ಅರ್ಕಾವತ್ತು ಇದೆಯಲ್ಲ, ಅದಕ್ಕೇನು ಮಾಡುತ್ತೀರಿ?

ಧಾರವಾಡದಿಂದ

ಓಲೆಕಾರಕ್ಕೆ ಉತ್ತರ ಬರಲಿಲ್ಲ.

ಶಿವಮೊಗ್ಗದಿಂದ

ಎರಡೂ ಬೇಡ. 'ಮೊದಲಿಗ' ಎಂಬ ಚೆಂದದ ಕನ್ನಡ ಪದವಿದೆ. 'ನಿಗಂಟು' ಕೂಡ ಸಂಸ್ಕ್ರುತವೇ, 'ಪದನೆರಕೆ' ಎನ್ನಿ. "ಕನ್ನಡ ಪದನೆರಕೆಯ ಮೊದಲಿಗ." ಅರ್ಕಾವತ್ತೂ ಇಲ್ಲ, ಮಹಾಪ್ರಾಣದ ಸೀಳೂ ಇಲ್ಲ. ಕಲ್ಲಿನವರಿಗೂ ಕುಶಿ.

ಮಂಗಳೂರಿನಿಂದ

ಪದ ಚೆಂದವೇ, ಮಾತು ಸುಳ್ಳು. ರೀವ್ ಅವರ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲೇ ಅಚ್ಚಾಗಿತ್ತು. ಕಿಟ್ಟೆಲ್ ಹುಟ್ಟಿದ್ದೇ ಆ ವರ್ಷ. ಅದಕ್ಕೂ ಶತಮಾನಗಳ ಹಿಂದೆ ರನ್ನಕಂದ ಎಂಬ ಕನ್ನಡ ಪದಕೋಶ ಇದೆ. ಸಮಿತಿಯವರ 'ಆದ್ಯ'ವೂ ಹೀಗೇ ಬಿದ್ದುಹೋಗುತ್ತದೆ, ಅದನ್ನು ಯಾರೂ ಗಮನಿಸಲಿಲ್ಲ.

ಕಿಟ್ಟೆಲ್ ದೊಡ್ಡವರಾದದ್ದು ಮೊದಲು ಮಾಡಿದ್ದಕ್ಕಲ್ಲ. ಪದದ ಪಕ್ಕ ಕಾವ್ಯದ ಪ್ರಯೋಗ ಕೊಟ್ಟರು, ಗಾದೆ ಕೊಟ್ಟರು, ತಮಿಳು ತೆಲುಗು ಮಲಯಾಳ ತುಳುವಿನ ಸೋದರ ಪದಗಳನ್ನು ಕೊಟ್ಟರು. ಸಂಸ್ಕೃತದೊಳಗೆ ಹೋಗಿ ಕೂತ ದ್ರಾವಿಡ ಪದಗಳ ಪಟ್ಟಿಯನ್ನು ಮುನ್ನುಡಿಯಲ್ಲೇ ಇಟ್ಟರು. ಕೋಶಕ್ಕೆ ಕೈ ಹಾಕಿದವರು ಸುಮ್ನೆ ಪದ ಗುಡ್ಡೆ ಹಾಕಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1875ರಲ್ಲಿ ನಾಗವರ್ಮನ ಛಂದಸ್ಸನ್ನು. ಕೋಶ ಇಲ್ಲಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ.

ಇನ್ನೊಂದು ಮಾತು. ಅವರು ಹಿಂದುಸ್ತಾನಿ, ಮರಾಠಿಯಿಂದ ಬಂದ ಪದಗಳನ್ನು ಹೊರಗಟ್ಟಲಿಲ್ಲ. ಎಲ್ಲಿಂದ ಬಂತು ಅಂತ ಗುರುತು ಹಾಕಿ ಒಳಗೆ ಕೂರಿಸಿದರು. ಅವರ ಫಲಕಕ್ಕೇ ನೀವು ಪದಗಳ ಜಾತಿ ಸರ್ಟಿಫಿಕೇಟು ಕೇಳುತ್ತಿದ್ದೀರಿ.

'ಹರಿಕಾರ' ಪಾರಸಿಯಾದರೂ ಕನ್ನಡದಲ್ಲಿ ಅದರ ಅರ್ಥ ಬದಲಾಗಿ ಬಹಳ ದಿನವಾಯಿತು. ಸುದ್ದಿ ಹೊತ್ತು ಮುಂದೆ ಓಡಿದವನು ದಾರಿ ತೋರಿದವನಾದ. ಪತ್ರಿಕೆಯಲ್ಲಿ ಜಾಸ್ತಿ ಕಾಣುವುದೇ ಈ ಅರ್ಥ. ಧಾರಾಳವಾಗಿ ಹಾಕಿ.

ಶಿವಮೊಗ್ಗದಿಂದ

ಹಾಗೆಯೇ ಇಂಗ್ಲಿಶನ್ನೂ ಒಳಗೆ ಕೂರಿಸಿ.

ಮಂಗಳೂರಿನಿಂದ

ಕೂತಾಗಿದೆ ಸ್ವಾಮಿ. ನೀವು ಇವತ್ತು ಬಸ್ಸಿನಲ್ಲಿ ಹೋಗಲಿಲ್ಲವೇ?

ಶಿವಮೊಗ್ಗದಿಂದ

ಬಸ್ಸು ತಂದರು, ಪದವೂ ಬಂತು. 'ಮೊದಲು' ನಮ್ಮ ಮನೆಯಲ್ಲೇ ಇತ್ತಲ್ಲ, ಅದನ್ನೇಕೆ ಎರವಲು ತರಬೇಕು? ಎರಡೂ ಒಂದೇ ಅಲ್ಲ.

ಧಾರವಾಡದಿಂದ

'ಪಾರಸಿಯಾದರೂ' ಎಂದು ಬರೆದಿದ್ದೀರಿ. ಅದು ಇನ್ನೂ ತೀರ್ಮಾನ ಆಗಿಲ್ಲ.

ಪ್ರಶ್ನೆ ಕೇಳಿದವನು

ಕಲ್ಲಿನವರು ಎರಡು ಸಲ ಫೋನ್ ಮಾಡಿದರು. ಬಿರುದನ್ನೇ ಕಿತ್ತುಹಾಕಿದೆ. ಫರ್ಡಿನೆಂಡ್ ಕೂಡ ಹೋಯಿತು. ಕೊಟ್ಟದ್ದು ಇಷ್ಟು:

"ರೆವರೆಂಡ್ ಎಫ್. ಕಿಟ್ಟೆಲ್, 1832–1903
ಕನ್ನಡ–ಇಂಗ್ಲಿಷ್ ನಿಘಂಟು, ಮಂಗಳೂರು, 1894"

ಎಲ್ಲರಿಗೂ ಥ್ಯಾಂಕ್ಸ್.

ಶಿವಮೊಗ್ಗದಿಂದ

'ರೆವರೆಂಡ್' ಏಕೆ? ಪಾದ್ರಿ ಎನ್ನಬಹುದಿತ್ತು.

ಮೈಸೂರಿನಿಂದ

ಪಾದ್ರಿ ಪೋರ್ಚುಗೀಸು.