ಮುಂಬೈ ಕಡೆಯ ಕನ್ನಡಿಗರ ಪದ್ಯದಾಟ. ಮಾತಾಡುವವರ ಗುರುತು ಅವರವರ ಊರಿನ ಹೆಸರು.

ಈ ವಾರದ ಸಮಸ್ಯೆ, ಅಂದರೆ ಪದ್ಯ ತುಂಬಲು ಕೊಟ್ಟ ಸಾಲು: ಬೆನ್ನಿಗೆ ಹೊಡೆದರೆ ನಕ್ಕನು ಹುಡುಗ

ಮಾಟುಂಗಾ:
ಇದು ಕೊನೆಯ ಸಾಲು. ಮೇಲಿನ ಮೂರು ಸಾಲು ತುಂಬುವ ಪೂರಣ ನಿಮ್ಮದು. ಪ್ರತಿ ಸಾಲಿಗೆ ನಾಲ್ಕು ಮಾತ್ರೆಯ (ಉಚ್ಚಾರದ ಅಳತೆ) ಮೂರು ಗಣ (ಗುಂಪು), ಕೊನೆಗೆ ಮೂರು ಮಾತ್ರೆ. ಪ್ರತಿ ಸಾಲಿನ ಎರಡನೇ ಅಕ್ಷರ ‘ನ್ನ’ ತಪ್ಪಬಾರದು, ಅದೇ ಪ್ರಾಸ. ಏಟು ತಿಂದವನು ನಕ್ಕಿದ್ದು ಯಾಕೆ, ಹೇಳಿ ನೋಡೋಣ.

ಥಾಣೆ:
‘ಬಣ್ಣದ ಹೋಳಿಯ’ ಅಂತ ಶುರು ಮಾಡಿದ್ದೇನೆ. ನಡೆಯುತ್ತದಾ?

ಮಾಟುಂಗಾ:
ಕಲ್ಪನೆ ಚೆನ್ನಾಗಿದೆ. ಆದರೆ ‘ಣ್ಣ’ ಬೇರೆ, ‘ನ್ನ’ ಬೇರೆ ಅಲ್ವಾ? ಪ್ರಾಸ ಕೆಡುತ್ತದೆ. ಇನ್ನೊಮ್ಮೆ ನೋಡಿ.

ಡೊಂಬಿವಲಿ:
ನನ್ನ ಪೂರಣ:

ಕನ್ನಡ ಪದ್ಯವ ತಪ್ಪದೆ ಹೇಳೆ
ಮುನ್ನಡೆದಪ್ಪುತ ಹಿಗ್ಗಿದಳಜ್ಜಿ
‘ಇನ್ನೂ ನಗುತಿರು, ಶಾಭಾಸ್’ ಎಂದು
ಬೆನ್ನಿಗೆ ಹೊಡೆದರೆ ನಕ್ಕನು ಹುಡುಗ

‘ನಗುತಿರು’ ಸುಮ್ನೆ ಮಾತ್ರೆ ತುಂಬಿಸಲು ಹಾಕಿದ್ದಲ್ಲ. ಶಾಭಾಸ್ ಅಂದರೆ ಅದೇ ಅರ್ಥ. ಫಾರಸಿಯಲ್ಲಿ ‘ಶಾದ್’ ಅಂದರೆ ಸಂತೋಷ, ‘ಬಾಷ್’ ಅಂದರೆ ಇರು. ಎರಡೂ ಕೂಡಿ, ನಡುವಿನ ದಕಾರ ಬಿದ್ದುಹೋಗಿ ಈ ಪದ ಆಯಿತು. ಇದರಲ್ಲಿ ಶಹಾ ಅಂದರೆ ರಾಜ ಇದ್ದಾನೆ ಅಂದುಕೊಳ್ಳುವವರು ಜಾಸ್ತಿ. ರಾಜನಿಗೂ ಇದಕ್ಕೂ ಸಂಬಂಧವಿಲ್ಲ. ಮದುವೆಗೆ ‘ಶಾದಿ’ ಅನ್ನುತ್ತೇವಲ್ಲ, ಅದು ಇದೇ ‘ಶಾದ್’ನ ಮಗಳು.

ಮುಲುಂಡ್:
ಪೂರಣ ಹಿಡಿಸಿತು. ಆದರೆ ನಮ್ಮದೇ ‘ಮೆಚ್ಚು’ ಇರುವಾಗ ಫಾರಸಿ ಮಾತು ಯಾಕೆ ಬೇಕಿತ್ತು?

ಡೊಂಬಿವಲಿ:
‘ಮೆಚ್ಚು’ ನನಗೂ ಪ್ರೀತಿಯ ಪದ. ತಮಿಳು, ತೆಲುಗಿನಲ್ಲೂ ಅದರ ಒಡಹುಟ್ಟುಗಳಿವೆ. ಬಸವಣ್ಣನವರು ‘ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು’ ಅಂದರು. ಅಲ್ಲಿ ನೋಡಿ, ಮೆಚ್ಚುವುದು ಮೊದಲು, ಬಾಯಿಬಿಟ್ಟು ‘ಅಹುದು’ ಅನ್ನುವುದು ಆಮೇಲೆ. ಮೆಚ್ಚುಗೆ ಮೆಚ್ಚಿದವರ ಮನಸ್ಸಿನಲ್ಲಿ ಹುಟ್ಟುತ್ತದೆ. ಶಾಭಾಸ್ ಹಾಗಲ್ಲ, ಎದುರಿಗಿದ್ದವರಿಗೆ ಕೊಡುವ ಹಾರೈಕೆ. ನನ್ನ ಅಜ್ಜಿಗೆ ಹಾರೈಸುವ ಮಾತೇ ಬೇಕಿತ್ತು.

ಮಾಟುಂಗಾ:
ಈ ಸಾಲು ನನಗೆ ಸಿಕ್ಕಿದ್ದು ಶಿವಾಜಿ ಪಾರ್ಕಿನಲ್ಲಿ. ಹುಡುಗನೊಬ್ಬ ಬಿದ್ದು ಕ್ಯಾಚ್ ಹಿಡಿದ. ಕೋಚ್ ಓಡಿ ಬಂದು ‘ಶಾಬ್ಬಾಸ್!’ ಅಂತ ಮರಾಠಿಯಲ್ಲಿ ಕೂಗಿ ಬೆನ್ನಿಗೆ ಧಪ್ಪನೆ ಹೊಡೆದರು. ಬಿಳಿ ಅಂಗಿಯ ಮೇಲೆ ಕೆಂಪು ಮಣ್ಣಿನ ಐದು ಬೆರಳು ಮೂಡಿದವು. ಹುಡುಗ ಅದನ್ನು ಒರೆಸಿಕೊಳ್ಳದೆ ನಗುತ್ತಾ ನಿಂತಿದ್ದ. ಅವನ ನಗುವಿನ ಅರ್ಥ ನನಗೆ ಇವತ್ತು ಪೂರ್ತಿ ತಿಳಿಯಿತು. ಈ ವಾರದ ಪೂರಣ ಡೊಂಬಿವಲಿಯವರದೇ.

ಮುಂದಿನ ಸಾಲು ಮುಲುಂಡಿನವರಿಗೋಸ್ಕರ:

ಮೆಚ್ಚಿದ ಮೇಲೂ ಮುನಿದಳು ತಾಯಿ

ಪ್ರಾಸ ‘ಚ್ಚ’. ರವಿವಾರದೊಳಗೆ ಬರಲಿ.