ಗಂಡು ಮಾಡೆಲ್ ಕೈಗಳನ್ನ ಎಲ್ಲಿ ಇಡಿಸಬೇಕು?

ಖಣದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಫ್ಯಾಷನ್ ಡಿಸೈನ್ ಓದ್ತಿದ್ದೇನೆ, ಕೊನೇ ವರ್ಷ. ಊರು ಬಾದಾಮಿ ಹತ್ತಿರ. ಈ ಸೆಮಿಸ್ಟರ್‌ಗೆ ಗಂಡಸರ ಬಟ್ಟೆ ಮಾಡಿದ್ದೇನೆ. ಗುಳೇದಗುಡ್ಡದ ಖಣದಲ್ಲಿ ಆರು ಬಾಂಬರ್ ಜಾಕೆಟ್. ಖಣಕ್ಕೆ ಅಗಲ ಕಮ್ಮಿ, ಬೆನ್ನಿಗೆ ಎರಡು ತುಂಡು ಜೋಡಿಸಿ ಹೊಲಿಯೋದ್ರಲ್ಲಿ ಸಾಕಾಗಿಹೋಯ್ತು, ಅದು ಬೇರೆ ಕಥೆ.

ಈಗ ಇದನ್ನ ಮ್ಯಾಗಜೀನ್ ಎಡಿಟೋರಿಯಲ್ (ಒಂದು ಕಥೆಯ ಹಾಗೆ ಸಾಲಾಗಿ ಬರೋ ಫ್ಯಾಷನ್ ಫೋಟೋ ಪುಟಗಳು) ಥರ ಎಂಟು ಪುಟ ಫೋಟೋ ಮಾಡಿ ಕೊಡಬೇಕು. ಏಜೆನ್ಸಿ ಮಾಡೆಲ್ ಕರೆಸೋಕೆ ದುಡ್ಡಿಲ್ಲ. ನಮ್ಮ ಸೋದರಮಾವನ ಮಗ ಒಪ್ಪಿದ್ದಾನೆ. ಆರಡಿ ಒಂದಿಂಚು, ಗರಡಿ ಮೈ, ಮುಖಾನೂ ಚೆನ್ನಾಗಿದೆ. (ಮದುವೆ ಮಾತು ಯಾರೂ ಎತ್ತಬೇಡಿ, ಮನೇಲಿ ಎತ್ತಿರೋದೇ ಸಾಕು.)

ಹೋದ ವಾರ ಮನೆ ಮುಂದೆ ನಿಲ್ಲಿಸಿ ಟ್ರಯಲ್ ತೆಗೆದೆ. ಮಾತಾಡ್ತಾ ಇರೋವಾಗ ರಾಜನ ಹಾಗಿರ್ತಾನೆ, ಕ್ಯಾಮೆರಾ ಎತ್ತಿದ್ರೆ ಸಾಕು, ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ. ಎರಡೂ ಕೈ ತೊಡೆಗೆ ಅಂಟಿಸಿಬಿಡ್ತಾನೆ. ಜೇಬಿಗೆ ಹಾಕೋ ಅಂದ್ರೆ ಮುಷ್ಟಿ ಕಟ್ಟಿ ಹಾಕ್ತಾನೆ, ಎರಡೂ ಕಡೆ ತೆಂಗಿನಕಾಯಿ ತುಂಬಿದ ಹಾಗೆ ಜಾಕೆಟ್ ಉಬ್ಬುತ್ತೆ. ಎದೆ ಮೇಲೆ ಕಟ್ಟೋ ಅಂದ್ರೆ ಬಸ್‌ಸ್ಟ್ಯಾಂಡ್‌ನಲ್ಲಿ ಕಟ್ಟೋ ಹುಟ್ಟುಹಬ್ಬದ ಬ್ಯಾನರ್. ಹೆಣ್ಣು ಮಾಡೆಲ್ ಇಟ್ಟುಕೊಂಡ ನನ್ನ ಗೆಳತಿಯರಿಗೆ ಈ ತಾಪತ್ರಯವೇ ಇಲ್ಲ. ಗಂಡಸರ ಕೈ ಏನ್ಮಾಡ್ತೀರಿ ನೀವೆಲ್ಲ?

ಕ್ಲಿಕ್ಕಣ್ಣ:

ಪಿಂಟರೆಸ್ಟ್‌ನಲ್ಲಿ ಹುಡುಕಿ, ಸಾವಿರ ಪೋಸ್ ಇದೆ. ವಾಚ್ ಕಟ್ಟಿಸಿ, ಒಂದು ಕೈಲಿ ಇನ್ನೊಂದು ತೋಳಿನ ಕಫ್ ಹಿಡಿಸಿ. ಯಾವತ್ತೂ ಕೈಕೊಡಲ್ಲ.

ಹಳೇ ರೀಲು:

ಕಫ್ ಮಾತ್ರ ಬೇಡಮ್ಮ. ಇಪ್ಪತ್ತು ವರ್ಷದಿಂದ ಎಲ್ಲ ಮದುವೆ ಆಲ್ಬಮ್‌ನಲ್ಲೂ ಗಂಡು ಅದನ್ನೇ ಹಿಡ್ಕೊಂಡು ನಿಂತಿದ್ದಾನೆ. ಅರ್ಧ ನಾನೇ ತೆಗೆದಿರೋದು.

ನಾನು 1997ರಿಂದ 2009ರವರೆಗೆ ಮುಂಬೈಯಲ್ಲಿ ಫ್ಯಾಷನ್ ಫೋಟೋಗ್ರಾಫರ್‌ಗಳ ಹತ್ರ ಅಸಿಸ್ಟೆಂಟ್ ಆಗಿದ್ದೆ. ಈಗ ಮೈಸೂರಲ್ಲಿ ಸ್ವಂತ ಸ್ಟುಡಿಯೋ, ಪಾಸ್‌ಪೋರ್ಟ್ ಫೋಟೋನೂ ತೆಗೀತೀನಿ, ನಾಚಿಕೆ ಏನಿಲ್ಲ. ಆಗ ನನ್ನ ಕೆಲಸ ಲೈಟ್ ಸ್ಟ್ಯಾಂಡ್ ಹೊರೋದು, ಇಸ್ತ್ರಿ ಮಾಡೋದು, ಫಿಲ್ಮ್ ತುಂಬೋದು. ಮಾಮಿಯಾ ಆರ್‌ಜಡ್ 67 ಅಂತ ಇಟ್ಟಿಗೆ ಭಾರದ ಕ್ಯಾಮೆರಾ. 120 ಅನ್ನೋ ಸೈಜಿನ ಒಂದು ಫಿಲ್ಮ್ ರೋಲ್‌ಗೆ ಹತ್ತೇ ಫ್ರೇಮ್. ಹತ್ತು ಮುಗಿದ ತಕ್ಷಣ ನಾನು ಹಿಂದಿನ ಡಬ್ಬಿ ಬಿಚ್ಚಿ ಇನ್ನೊಂದು ಸಿಗಿಸ್ತಿದ್ದೆ. ಆ ಅರ್ಧ ನಿಮಿಷ ಯಾರೂ ತನ್ನನ್ನ ನೋಡ್ತಿಲ್ಲ ಅಂತ ಮಾಡೆಲ್ ಹುಡುಗನಿಗೆ ಗೊತ್ತು. ಆಗ ನೋಡಬೇಕು! ಒಂದು ಕೈ ಕತ್ತಿನ ಹಿಂದೆ ಹೋಗಿ ಬೆವರು ಒರೆಸುತ್ತೆ, ಹೆಬ್ಬೆರಳು ಬೆಲ್ಟಿನ ಕೊಕ್ಕೆಗೆ ತಾನಾಗೇ ಸಿಕ್ಕಿಕೊಳ್ಳುತ್ತೆ, ಗಡ್ಡ ಕೆರೆಯುತ್ತೆ. ನಮ್ಮ ಸಾಹೇಬರೊಬ್ಬರು ಇದನ್ನ ಕಂಡುಕೊಂಡಿದ್ರು. ಎರಡನೇ ಕ್ಯಾಮೆರಾ ಮೊದಲೇ ತುಂಬಿಸಿ ಕಾಲ ಹತ್ರ ಇಟ್ಕೊಂಡು, ‘ಹಾಂ, ರೋಲ್ ಮುಗೀತು’ ಅಂತ ಸುಳ್ಳು ಹೇಳಿ ಅದರಲ್ಲಿ ತೆಗೀತಿದ್ರು. ಮ್ಯಾಗಜೀನ್‌ಗೆ ಹೋಗ್ತಿದ್ದದ್ದು ಹೆಚ್ಚಾಗಿ ಅವೇ. ಡಿಜಿಟಲ್‌ನಲ್ಲಿ ರೋಲ್ ಮುಗಿಯೋದಿಲ್ಲ, ನೀವು ‘ಕಾರ್ಡ್ ಫುಲ್’ ಅನ್ನಿ.

ಆದ್ರೆ ನಿಮ್ಮ ಹುಡುಗನ ತೊಂದರೆ ಕೈದಲ್ಲ. ‘ನನ್ನನ್ನ ಯಾಕೆ ನೋಡ್ತಿದ್ದೀರಿ’ ಅನ್ನೋದು ಅವನ ತೊಂದರೆ. ಹೆಣ್ಣನ್ನ ನೋಡೋಕೆ ಫ್ಯಾಷನ್ ಪುಟ ಕಾರಣ ಕೇಳಲ್ಲ. ಗಂಡಸನ್ನ ನೋಡೋಕೆ ಮಾತ್ರ ಒಂದು ನೆಪ ಬೇಕು. ನಾನು ಚಿಕ್ಕವನಿದ್ದಾಗ ಪತ್ರಿಕೆಯ ಹಿಂಬದಿ ರಟ್ಟಿನ ಮೇಲೆ ಸೂಟಿಂಗ್ ಜಾಹೀರಾತು ಬರ್ತಿತ್ತಲ್ಲ, ಅದರ ಗಂಡಸರನ್ನ ನೆನೆಸಿಕೊಳ್ಳಿ. ಒಬ್ಬನ ಕೈಲಿ ಬ್ರೀಫ್‌ಕೇಸ್, ಒಬ್ಬನ ಕೈಲಿ ನಾಯಿಯ ಸರಪಳಿ, ಇನ್ನೊಬ್ಬ ವಿಮಾನದ ಮೆಟ್ಟಿಲು ಇಳೀತಿದ್ದಾನೆ. ಸುಮ್ಮನೆ ನಿಂತವನು ಒಬ್ಬನೂ ಇಲ್ಲ. ಅದೂ ಸಾಲದಿದ್ರೆ ಕ್ರಿಕೆಟಿಗನನ್ನೇ ಕರೆತರೋದು. ಗ್ವಾಲಿಯರ್ ಸೂಟಿಂಗ್ಸ್‌ಗೆ ಪಟೌಡಿ, ದಿನೇಶ್‌ಗೆ ಗವಾಸ್ಕರ್.

ಹೊರದೇಶದಲ್ಲೂ ಕಥೆ ಹೀಗೇ ಶುರುವಾಗಿದ್ದು. 1982ರಲ್ಲಿ ಬ್ರೂಸ್ ವೆಬರ್ ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದಲ್ಲಿ ಕ್ಯಾಲ್ವಿನ್ ಕ್ಲೈನ್ ಒಳಚಡ್ಡಿಗೆ ತೆಗೆದ ಚಿತ್ರ ನೋಡಿ. ಸುಣ್ಣದ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡ ಒಬ್ಬ ಗಂಡಸು, ಕೆಳಗಿಂದ ತೆಗೆದದ್ದು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಕಟ್ಟಡದಷ್ಟು ದೊಡ್ಡದಾಗಿ ಹಾಕಿದ್ರು, ಬಸ್ ನಿಲ್ದಾಣಗಳಿಂದ ಜನ ಆ ಪೋಸ್ಟರ್ ಕದ್ದೊಯ್ದರು. ಅವನು ಮಾಡೆಲ್ ಅಲ್ಲ, ಟಾಮ್ ಹಿಂಟ್‌ನಾಸ್, ಪೋಲ್‌ವಾಲ್ಟ್ ಹಾರುವವನು. ನೆಪ ಅವನ ಮೈಯಲ್ಲೇ ಇತ್ತು. ಆ ಮುಚ್ಚಿದ ಕಣ್ಣಿಗೂ ಒಂದು ಕೆಲಸ ಇದೆ ಅಂತ ನನಗನ್ನಿಸುತ್ತೆ. ಅವನು ನಮ್ಮನ್ನ ನೋಡ್ತಿಲ್ಲ, ಹಾಗಾಗಿ ನಾವು ನೋಡಬಹುದು.

ನಮ್ಮಲ್ಲಿ ಮಿಲಿಂದ್ ಸೋಮನ್, ರಾಷ್ಟ್ರಮಟ್ಟದ ಈಜುಗಾರ. 1995ರ ಟಫ್ಸ್ ಶೂ ಜಾಹೀರಾತಿನಲ್ಲಿ ಅವನೂ ಮಾಡೆಲ್ ಮಧು ಸಪ್ರೆಯೂ ನಿಂತಿದ್ರು. ಇಬ್ಬರ ಮೈಮೇಲೂ ಶೂ ಬಿಟ್ರೆ ಒಂದು ಹೆಬ್ಬಾವು ಅಷ್ಟೇ. ತೆಗೆದವರು ಪ್ರಬುದ್ಧ ದಾಸ್‌ಗುಪ್ತಾ. ಅಶ್ಲೀಲ ಅಂತ ಕೇಸು ಬಿತ್ತು, 14 ವರ್ಷ ಕೋರ್ಟು ಅಲೆದು 2009ರಲ್ಲಿ ಖುಲಾಸೆ ಆದ್ರು. ನಾನು ಮುಂಬೈಗೆ ಹೋದಾಗಲೂ ಸ್ಟುಡಿಯೋಗಳಲ್ಲಿ ಅದೇ ಮಾತು. ನಾನು ಮುಂಬೈ ಬಿಟ್ಟ ವರ್ಷ ಕೇಸೂ ಮುಗೀತು.

ಈ ನೆಪದ ಆಟಾನ ಮುರಿದವನು, ನಾನು ಕಂಡ ಹಾಗೆ, ರೇ ಪೆಟ್ರಿ. ಫೋಟೋಗ್ರಾಫರ್ ಅಲ್ಲ, ಸ್ಟೈಲಿಸ್ಟ್, ಅಂದ್ರೆ ಮಾಡೆಲ್‌ಗೆ ಏನು ಹಾಕಿಸಬೇಕು ಅಂತ ಆರಿಸೋನು, ಸ್ಕಾಟ್ಲೆಂಡಿನವನು. 1980ರ ದಶಕದ ಲಂಡನ್ನಿನಲ್ಲಿ ‘ದಿ ಫೇಸ್’ ಮ್ಯಾಗಜೀನ್‌ಗೆ ಕೆಲಸ ಮಾಡ್ತಿದ್ದ. ಅವನ ಗುಂಪಿನ ಹೆಸರು ಬಫಲೊ. ಬೀದಿಯಲ್ಲಿ ಕಂಡ ಹುಡುಗರನ್ನ ಕರೆತರೋನು, ಕರಿಯರು, ಮಿಶ್ರ ಮೂಲದವರು, ಯಾರಾದ್ರೂ ಸರಿ. ಅವರ ಮೈಗೆ ಏನು ಹಾಕಿದ ಗೊತ್ತಾ? ನಿಮ್ಮದೇ ಬಾಂಬರ್ ಜಾಕೆಟ್! ಎಂಎ-1 ಅಂತ ಅಮೆರಿಕದ ಪೈಲಟ್‌ಗಳು ಹಾಕ್ತಿದ್ದ ನೈಲಾನ್ ಜಾಕೆಟ್ಟು, ಕೆಳಗೆ ಜೀನ್ಸು, ಕೆಲವು ಸಲ ಸ್ಕರ್ಟು. ಆ ಹುಡುಗರ ಕೈಲಿ ಬ್ರೀಫ್‌ಕೇಸೂ ಇಲ್ಲ, ನಾಯಿಯೂ ಇಲ್ಲ. ನಿಮ್ಮ ಕಣ್ಣಿಗೆ ಕಣ್ಣಿಟ್ಟು ನಿಲ್ತಾರೆ, ‘ನೋಡ್ತೀಯಾ, ನೋಡು’ ಅನ್ನೋ ಹಾಗೆ. ಪೆಟ್ರಿ 1989ರಲ್ಲಿ ಏಡ್ಸ್‌ನಿಂದ ಸತ್ತ. ಅವನ ಗುಂಪಿನ ನಿಕ್ ಕೇಮನ್ನನ್ನ 1985ರಲ್ಲಿ ಲೀವೈಸ್‌ನವರು ಜಾಹೀರಾತಿಗೆ ಕರೆದ್ರು. ಅಲ್ಲಿ ಮತ್ತೆ ನೆಪ ಬಂತು ನೋಡಿ: ಪ್ಯಾಂಟು ಒಗೆಯಬೇಕು, ಅದಕ್ಕೆ ಲಾಂಡ್ರಿಯಲ್ಲಿ ಬಿಚ್ಚಿದ!

ಈಗ ಕೆಲಸದ ಮಾತು. ಜಾಕೆಟ್ ಕೆಳಗೆ ಪ್ಯಾಂಟು ಬಿಡಿ, ಬಿಳಿ ಪಂಚೆ ಉಡಿಸಿ. ಪಂಚೆ ಉಟ್ಟ ಗಂಡಸಿಗೆ ಕೈ ಎಲ್ಲಿಡಲಿ ಅನ್ನೋ ಪ್ರಶ್ನೆ ಹುಟ್ಟಿದಾಗಿಂದ ಬಂದಿಲ್ಲ. ಒಂದು ಕೈ ಅಂಚು ಹಿಡಿಯುತ್ತೆ, ಎತ್ತಿ ಕಟ್ಟುತ್ತೆ, ಬಿಡುತ್ತೆ. ಅದು ಅವನ ಅಪ್ಪನಿಂದ ಬಂದ ಪೋಸು, ನೀವು ಹೇಳಿಕೊಡಬೇಕಾಗಿಲ್ಲ.

ಜೇಬಿಗೆ ಕೈ ಹಾಕಿಸಿದ್ರೆ ಪೂರ್ತಿ ಬೇಡ, ಬೆರಳು ಒಳಗೆ, ಹೆಬ್ಬೆರಳು ಹೊರಗೆ. ಮುಷ್ಟಿ ಕಟ್ಟಬೇಡ ಅಂತ ಹೇಳಬೇಡಿ, ಹೇಳಿದ್ರೆ ಅದನ್ನೇ ಕಟ್ತಾನೆ. ಅಂಗೈಯಲ್ಲಿ ಒಂದು ನೆನೆಸಿದ ಕಡಲೆ ಇಟ್ಟು ‘ಚಪ್ಪಟೆ ಮಾಡಬೇಡ’ ಅನ್ನಿ. ಜಾಕೆಟ್ ಬೆನ್ನ ಹಿಂದೆ ಸಡಿಲ ಇದ್ರೆ ಬೈಂಡರ್ ಕ್ಲಿಪ್ ಹಾಕಿ ಬಿಗಿಮಾಡಿ, ಮ್ಯಾಗಜೀನ್‌ನಲ್ಲಿ ಮುಂದಿನಿಂದ ಅಷ್ಟು ನೆಟ್ಟಗೆ ಕಾಣೋ ಕೋಟುಗಳ ಹಿಂದೆ ಐದಾರು ಕ್ಲಿಪ್ ಇರುತ್ತೆ. ಶೂ ಯಾರದ್ದಾದ್ರೂ ಎರವಲು ತಂದಿದ್ರೆ ಅಟ್ಟೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗೀರು ಬೀಳಲ್ಲ. ನನ್ನ ಯೌವನದ ಅರ್ಧ ಅಂಗಡಿಯವರ ಶೂಗಳಿಗೆ ಟೇಪ್ ಅಂಟಿಸಿಯೇ ಕಳೀತು. ಮತ್ತೆ ಖಣದಲ್ಲಿ ನೇಯ್ದ ಬುಟ್ಟಾ ಚಿತ್ತಾರ ಸಣ್ಣದು, ದೂರದಿಂದ ತೆಗೆದ್ರೆ ಡಿಜಿಟಲ್‌ನಲ್ಲಿ ಅಲೆ ಅಲೆಯಾಗಿ ಸುಳ್ಳು ಗೆರೆ ಬರುತ್ತೆ. ಸ್ವಲ್ಪ ಹತ್ತಿರ ಹೋಗಿ, ಅಲ್ಲೇ ಜೂಮ್ ಮಾಡಿ ಪರೀಕ್ಷಿಸಿ.

ಹುಬ್ಬಳ್ಳಿ ಹಳಬ:

ಹುಡುಗ ಗರಡಿಯಾಂವ ಅಂತೀರಿ, ಮತ್ತ ಗರಡಿಯೊಳಗ ತಗೀರಲ್ಲ. ಕೈಗೆ ಕೆಂಪ ಮಣ್ಣ ಹಚ್ಚಿ, ಗದಾ ಕೊಟ್ಟು ನಿಲ್ಲಸ್ರಿ. ಭಾರಿ ಕಾಣತೈತಿ.

ಹಳೇ ರೀಲು:

ಕಾಣುತ್ತೆ ಸ್ವಾಮಿ, ಆದ್ರೆ ಗದೆ ಕಾಣುತ್ತೆ, ಜಾಕೆಟ್ ಕಾಣಲ್ಲ. ಮತ್ತೆ ಅದೇ ನೆಪ. ಜೊತೆಗೆ ಕೆಂಪು ಮಣ್ಣು ಖಣಕ್ಕೆ ಹತ್ತಿದ್ರೆ ಈ ಹುಡುಗಿ ಮಾರ್ಕ್ಸು ನೀವು ಕೊಡ್ತೀರಾ?

ಖಣದ ಹುಡುಗಿ:

ಸರ್, ಇಷ್ಟು ಉದ್ದ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪಂಚೆ ನನಗೆ ಹೊಳೆದೇ ಇರಲಿಲ್ಲ. ಎರಡು ಪ್ರಶ್ನೆ. ಒಂದು, ನಮ್ಮ ಮೇಡಂ ‘ಹುಡುಗ ದಪ್ಪ, ಎಡಿಟೋರಿಯಲ್ ಲುಕ್ ಅಲ್ಲ’ ಅಂದ್ರು. ಎರಡು, ಗೆಳತಿಯೊಬ್ಬಳು ಜೊತೆಗೆ ಒಂದು ಹುಡುಗಿ ನಿಲ್ಲಿಸು, ಫೋಟೋಗೆ ಜೀವ ಬರುತ್ತೆ ಅಂತಿದ್ದಾಳೆ.

ಹಳೇ ರೀಲು:

ಸಣ್ಣ ಮೈ ಅನ್ನೋದು ಒಂದು ಕಾಲದ ಹುಚ್ಚು. 2000ದಿಂದ 2007ರವರೆಗೆ ಡಿಯೋರ್ ಕಂಪನಿಯ ಗಂಡಸರ ಬಟ್ಟೆ ವಿಭಾಗ ಡಿಯೋರ್ ಓಮ್‌ನಲ್ಲಿ ಹೆಡಿ ಸ್ಲಿಮಾನ್ ಅನ್ನೋ ಡಿಸೈನರ್ ಇದ್ದ, ಕಡ್ಡಿಯಂಥ ಹುಡುಗರಿಗೇ ಸೂಟ್ ಕತ್ತರಿಸಿದ. ಆ ಸೂಟ್ ಹಾಕೋ ಆಸೆಗೆ ಇನ್ನೊಬ್ಬ ದೊಡ್ಡ ಡಿಸೈನರ್ ಕಾರ್ಲ್ ಲಾಗರ್‌ಫೆಲ್ಡ್ 40 ಕಿಲೋಗೂ ಹೆಚ್ಚು ಇಳಿಸಿದ. ಅಷ್ಟರಲ್ಲೇ 2007ರಲ್ಲಿ ಡೋಲ್ಚೆ ಅಂಡ್ ಗಬ್ಬಾನಾ ಸೆಂಟಿನ ಜಾಹೀರಾತಲ್ಲಿ ಮಾಡೆಲ್ ಡೇವಿಡ್ ಗ್ಯಾಂಡಿ ಬಿಳಿ ಚಡ್ಡಿ ಹಾಕ್ಕೊಂಡು ದೋಣಿಯಲ್ಲಿ ಮಲಗಿದ. ತುಂಬಿದ ಮೈ ಮತ್ತೆ ಬಂತು. ಏಜೆನ್ಸಿಗಳು ಒಂದೇ ಅಳತೆ ಕೇಳೋದು ಸ್ಯಾಂಪಲ್ ಜಾಕೆಟ್ ಒಂದೇ ಸೈಜಿನಲ್ಲಿ ಹೊಲಿದಿರ್ತಾರೆ ಅಂತ. ನಿಮ್ಮ ಜಾಕೆಟ್ ನೀವೇ ಹೊಲೀತೀರಿ. ಅವನ ಭುಜಕ್ಕೆ ಹೊಲೀರಿ, ಮೇಡಂಗೆ ಆಮೇಲೆ ತೋರಿಸಿ.

ಹುಡುಗಿ ನಿಲ್ಲಿಸೋದು ಬೇಡ. ನಿಲ್ಲಿಸಿದ ಕ್ಷಣ ಇವನು ಕುರ್ಚಿ ಆಗ್ತಾನೆ. 2003ರಲ್ಲಿ ಪುಣೆ ಆಚೆ ಒಂದು ಹಳೇ ವಾಡೆಯಲ್ಲಿ ಸೀರೆ ಶೂಟ್ ಇತ್ತು, ಒಂದು ಮ್ಯಾಗಜೀನ್‌ಗೆ. ಮಂಗಳೂರಿನ ಹುಡುಗನೊಬ್ಬ ಬಂದಿದ್ದ, ಸೆಟ್ಟಲ್ಲಿ ಕನ್ನಡ ಮಾತಾಡೋರು ನಾವಿಬ್ಬರೇ. ಬೆಳಗ್ಗೆ ಆರರಿಂದ ಸಂಜೆವರೆಗೂ ಆ ಹುಡುಗಿಯನ್ನ ಎತ್ತಿಕೊಂಡು ಮೆಟ್ಟಿಲು ಇಳೀತಾನೇ ಇದ್ದ, ಮೊಣಕಾಲು ನಡುಗ್ತಿತ್ತು. ಎಡಿಟೋರಿಯಲ್‌ನಲ್ಲಿ ದುಡ್ಡು ಹೆಸರಿಗಷ್ಟೇ. ಪುಟ ಕತ್ತರಿಸಿ ತನ್ನ ಫೋಟೋಗಳ ಬುಕ್ಕಲ್ಲಿ ಇಟ್ಟುಕೊಂಡು ಜಾಹೀರಾತಿನವರ ಬಾಗಿಲಿಗೆ ಹೋಗಬೇಕು, ಅಲ್ಲಿ ದುಡ್ಡು. ಅದರಲ್ಲೂ ಗಂಡಸರಿಗೆ ಕಮ್ಮಿ. 2013ರ ಫೋರ್ಬ್ಸ್ ಮಾಡೆಲ್‌ಗಳ ವರ್ಷದ ಗಳಿಕೆ ಪಟ್ಟಿಯಲ್ಲಿ ಜೀಸೆಲ್ ಬುಂಡ್‌ಶೆನ್ 4.2 ಕೋಟಿ ಡಾಲರ್, ಗಂಡಸರಲ್ಲಿ ಮೊದಲಿದ್ದ ಶಾನ್ ಓಪ್ರೈ 15 ಲಕ್ಷ ಡಾಲರ್.

ಆ ಸೀರೆ ಶೂಟಿನ ಸಂಚಿಕೆ ಬಂತು. ದಾದರ್ ಸ್ಟೇಷನ್ನಿನ ಅಂಗಡಿಯಲ್ಲಿ ನಿಂತೇ ಬಿಡಿಸಿ ನೋಡಿದ್ವಿ. ಎಂಟು ಪುಟದಲ್ಲಿ ಆ ಮಂಗಳೂರು ಹುಡುಗನ ಮುಖ ಇದ್ದದ್ದು ಒಂದರಲ್ಲಿ, ಅದೂ ಫೋಕಸ್ ಇಲ್ಲದೆ. ಕೊನೇ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸೀರೆಯವರು, ಒಡವೆಯವರು, ಕೂದಲು ಕಟ್ಟಿದವರು, ಹಳೇ ಕಾರು ಕೊಟ್ಟವರಿಗೆ ಕೃತಜ್ಞತೆ, ಎಲ್ಲ ಇತ್ತು. ಅವನ ಹೆಸರಿಲ್ಲ. ಆದರೂ ಮೂರು ಪ್ರತಿ ತಗೊಂಡ. ‘ಕೈ ಚೆನ್ನಾಗಿ ಬಂದಿದೆ ಮಾರಾಯ’ ಅಂದ.

ಖಣದ ಹುಡುಗಿ:

ನಿನ್ನೆ ತೆಗೆದೆವು. ಬೆಳಗ್ಗೆ ಏಳು ಗಂಟೆ, ನೇಕಾರರ ಓಣಿ, ಮಗ್ಗದ ಸದ್ದು ಶುರುವಾಗಿತ್ತು. ಪಂಚೆ ಕೆಲಸ ಮಾಡ್ತು, ಕಡಲೆ ಅವನು ತಿಂದುಬಿಟ್ಟ. ಸುಮಾರು 400 ಫ್ರೇಮ್, ಉಳಿದದ್ದು ಒಂಬತ್ತು. ಅದರಲ್ಲಿ ನಾಲ್ಕು ‘ಕಾರ್ಡ್ ಫುಲ್’ ಅಂದ ಮೇಲಿನವು. ಐದನೇ ಸಲಕ್ಕೆ ಅವನಿಗೆ ಗೊತ್ತಾಯ್ತು, ನೇರ ಲೆನ್ಸ್ ಒಳಗೇ ನೋಡಿದ. ಅದೇ ಮೊದಲ ಪುಟ. ಕ್ರೆಡಿಟ್‌ನಲ್ಲಿ ಮೊದಲು ಅವನ ಹೆಸರು, ಆಮೇಲೆ ಖಣ ನೇಯ್ದ ಅಜ್ಜಂದು, ಆಮೇಲೆ ನಂದು. ಲಿಂಕ್ ಹಾಕಿದ್ದೇನೆ, ನೋಡಿ ಹೇಳಿ ಸರ್.

ಹಳೇ ರೀಲು:

ನೋಡಿದೆ. ಮೂರನೇ ಪುಟದಲ್ಲಿ ಎಡಭುಜದ ಹಿಂದೆ ಕ್ಲಿಪ್ಪಿನ ತುದಿ ಇಣುಕ್ತಿದೆ. ಪ್ರಿಂಟಿಗೆ ಕೊಡೋ ಮೊದಲು ಅಳಿಸಿ.